ಕೆಂಪು ಚಲ್ಲಣದ ಯೋಧರು

ನಿಶಾಂತ್, ಇಂಚರಾ, ನಿಮ್ಮ ಅಜ್ಜಿಗೆ ಯುದ್ಧದ ವಿಷಯ ಏನೂ ಗೊತ್ತಿಲ್ಲ. ನಮ್ಮ ಹಳ್ಳಿ ಶಾಲೆಯಲ್ಲಿ ಇತಿಹಾಸದ ಪಾಠ ಬಂದಾಗಲೆಲ್ಲ, ಮೇಷ್ಟ್ರು ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾರೋ ಎಂದು ತಲೆ ತಗ್ಗಿಸಿ ಕೂರುತ್ತಿದ್ದವಳು ನಾನು. ಆದರೆ ಬಟ್ಟೆಬರೆಯ ವಿಷಯ ಬಲ್ಲೆ. ಆ ಧೈರ್ಯದಿಂದಲೇ ಜುವಾವ್ ಎಂಬ ಸೈನಿಕರ ಬಗ್ಗೆ ಬರೆಯಲು ಕೂತಿದ್ದೇನೆ.

ಇಂಚರ ಕಂಪ್ಯೂಟರಿನಲ್ಲಿ ಓದಿ ಹೇಳಿದ್ದಿಷ್ಟು. ನಾವಿರುವ ಈ ಆಫ್ರಿಕಾದ್ದೇ ಉತ್ತರದ ತುದಿಯಲ್ಲಿ, ಅಲ್ಜೀರಿಯದ ಗುಡ್ಡಗಾಡು ಜನರ ಉಡುಪನ್ನು ಫ್ರೆಂಚರ ಪಡೆಯೊಂದು ತೊಟ್ಟುಕೊಂಡಿತು; ಅವರೇ ಜುವಾವ್‌ಗಳು. ದೊಗಲೆ ಕೆಂಪು ಚಲ್ಲಣ, ಕಸೂತಿಯ ಗಿಡ್ಡ ಅಂಗಿ, ಗೊಂಡೆಯ ಟೋಪಿ, ಸೊಂಟಕ್ಕೆ ಸೀರೆಯಷ್ಟುದ್ದದ ನಡುಕಟ್ಟು. ಅದಕ್ಕೆ ಮರುಳಾದ ಅಮೆರಿಕದ ಹುಡುಗರು, ತಮ್ಮ ದೇಶದ ಉತ್ತರ ದಕ್ಷಿಣಗಳು ಕಾದಾಡಿದಾಗ, ತಾವಾಗಿಯೇ ಪಡೆ ಕಟ್ಟಿಕೊಂಡು ಅದೇ ವೇಷದಲ್ಲಿ ಹೊರಟರಂತೆ. ಗುಂಡು ಹಾರುವ ಬಯಲಿಗೆ ಕೆಂಪು ಚಲ್ಲಣ! ಶತ್ರುವನ್ನು ಕುಂಕುಮ ಇಟ್ಟು ಕರೆದ ಹಾಗೆ. ಮೊದಲು ನಕ್ಕೆ. ಆಮೇಲೆ ಅನ್ನಿಸಿತು, ಯಾರ ಬಲವಂತವೂ ಇಲ್ಲದೆ ಹೊರಟವರು ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಳ್ಳದೆ ಇರುತ್ತಾರೆಯೇ?

ನಿಶಾಂತ್, ಶಾಲೆಯ ಇತಿಹಾಸ ದಿನಕ್ಕೆ ನೀನು ಇವರನ್ನೇ ಆರಿಸಿಕೊಂಡೆ. "ಅಜ್ಜಿ, ಪ್ಯಾಂಟ್ ಪರ್ಫೆಕ್ಟ್ ಆಗಿರ್ಬೇಕು. ಎಲ್ರೂ ನನ್ನ ಕ್ವಯಟ್ ಬಾಯ್ ಅಂತಾರೆ. ದಿಸ್ ಟೈಮ್ ಐ ವಿಲ್ ಸ್ಪೀಕ್" ಅಂದೆ. ನನ್ನ ನಾಚಿಕೆಯೇ ನಿನಗೆ ಇಳಿದು ಬಂದಿದೆಯಲ್ಲ ಅಂದುಕೊಂಡೆ. ಅಚ್ಚುಕಟ್ಟಾಗಿ ಹೊಲಿದೆ. ಆದರೆ ಪಂಚೆ, ಕಚ್ಚೆ ನೋಡಿ ಬೆಳೆದವಳ ಬುದ್ಧಿ ನೋಡಿ: ಮೇಲೆ ನಡುಕಟ್ಟು ಬಿಗಿಯುತ್ತಾರಲ್ಲ, ಇನ್ನು ಲಾಡಿ ಯಾಕೆ ಎಂದು ಚಲ್ಲಣಕ್ಕೆ ಲಾಡಿಯನ್ನೇ ಹಾಕಲಿಲ್ಲ.

ಆ ದಿನ ನಾನೂ ಇಂಚರಳೂ ನೋಡಲು ಬಂದಿದ್ದೆವು. ಶಾಲೆಯಲ್ಲಿ ಊಟದ ಬಿಡುವಿನಲ್ಲಿ ನೀನು ಓಡಿದೆ, ನಡುಕಟ್ಟು ಬಿಚ್ಚಿತು. ವೇದಿಕೆಯಲ್ಲಿ ನಿನ್ನ ಹೆಸರು ಕೂಗಿದಾಗ ನೀನು ಎರಡೂ ಕೈಯಲ್ಲಿ ಚಲ್ಲಣ ಹಿಡಿದುಕೊಂಡು ನಿಂತಿದ್ದೆ. ನಡುಕಟ್ಟಿನ ಬಟ್ಟೆ ಬಾಲದ ಹಾಗೆ ಹಿಂದೆ ಬಿದ್ದಿತ್ತು. ಮಕ್ಕಳು ಕಿಸಕ್ಕೆಂದರು.

"ಅಜ್ಜಿ, ಗೋ! ನಂಗೆ ಅದು ಕಟ್ಟೋಕೆ ಬರಲ್ಲ" ಎಂದು ಪಕ್ಕದಲ್ಲಿ ಕೂತಿದ್ದ ಇಂಚರ ನನ್ನನ್ನು ತಿವಿದಳು.

ನಾನು ವೇದಿಕೆ ಹತ್ತುವುದೇ! ನನ್ನ ಮದುವೆಯ ಹಸೆಮಣೆ ಬಿಟ್ಟರೆ ನಾಲ್ಕು ಜನರ ಮುಂದೆ ನಿಂತವಳಲ್ಲ. ಹೇಗೆ ಹತ್ತಿದೆನೋ ತಿಳಿಯದು.

"ನಾನು ತುದಿ ಹಿಡ್ಕೊಂಡಿದೀನಿ ಮರಿ. ನೀನು ಸುತ್ಕೊಂಡು ಬಾ."

ನೀನು ಬುಗುರಿಯ ಹಾಗೆ ಸುತ್ತುತ್ತಾ ನನ್ನತ್ತ ಬಂದೆ. ಇದೂ ಪ್ರದರ್ಶನದ ಭಾಗವೆಂದುಕೊಂಡು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಏದುಸಿರು ಬಿಡುತ್ತಲೇ ನೀನು ಶುರುಮಾಡಿದೆ: "ದೇ ಕುಡ್ ನಾಟ್ ಟೈ ಇಟ್ ಅಲೋನ್. ಎವ್ರಿ ಸೋಲ್ಜರ್ ನೀಡೆಡ್ ಎ ಫ್ರೆಂಡ್." ಆಮೇಲೆ ಟೀಚರ್ ಗಂಟೆ ಬಾರಿಸಿದರೂ ನಿನ್ನ ಬಾಯಿ ನಿಲ್ಲಲಿಲ್ಲ!

ಇಳಿಯುವಾಗ ಟೀಚರ್ ನನ್ನ ಕೈ ಹಿಡಿದು "ಅಸಾಂಟೆ, ಶೋಶೋ" ಎಂದರು. ಇಲ್ಲಿನವರ ಬಾಯಲ್ಲಿ ಅಸಾಂಟೆ ಎಂದರೆ ಧನ್ಯವಾದ, ಶೋಶೋ ಎಂದರೆ ಅಜ್ಜಿ. ಆ ಹೊತ್ತಿಗೆ ನಿಮ್ಮ ತಾತ ನೆನಪಾದರು. ಅವರು ಪೇಟ ಸುತ್ತಿಕೊಳ್ಳುವಾಗ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನೇ. ಬಣ್ಣದ ಬಟ್ಟೆಯ ಆ ಶೂರರೂ ಬೆಳಗಾದರೆ ಒಬ್ಬರಿಗೊಬ್ಬರು ತುದಿ ಹಿಡಿದು, ಗಿರ್ರನೆ ಸುತ್ತಿ, ನಕ್ಕಿರಬೇಕು. ಇತಿಹಾಸದ ಪುಸ್ತಕಗಳು ಆ ನಗುವನ್ನು ಯಾಕೆ ಬರೆಯುವುದಿಲ್ಲವೋ!

ಆ ಚಲ್ಲಣಕ್ಕೆ ಈಗಲೂ ಲಾಡಿ ಹಾಕಿಲ್ಲ. ಹಾಕೆಂದು ನೀನೂ ಕೇಳಿಲ್ಲ. ಅದರ ಮಡಿಕೆಯೊಳಗೇ ಈ ಹಾಳೆಗಳನ್ನೂ ಇಟ್ಟಿರಿ ಮಕ್ಕಳೇ, ಜೋಪಾನ.