ಕಟ್ಟೆ ಕಡೆ ವಾಲಿದ ರೆಕ್ಕೆ

ನಮ್ಮ ಮೊಮ್ಮಗಳ ವಿಮಾನ ನಿನ್ನೆ ಇಳಿಯಿತು! ಹಾರೋದು ಎಷ್ಟೋ ಸಲ ಹಾರಿತ್ತು, ಅದೇನು ದೊಡ್ಡ ವಿಷಯ ಅಲ್ಲ. ಇಳಿಯಿತು. ಹೋದ ಜಾಗಕ್ಕೇ ತಿರುಗಿ ಬಂದು, ಚಕ್ರ ಟಾರು ರೋಡಿಗೆ ಮುಟ್ಟಿಸಿ, ಒಂದಿಷ್ಟು ದೂರ ಓಡಿ, ಅವಳ ಕಾಲ ಹತ್ತಿರ ಬಂದು ಸಾಕಿದ ಕರು ಥರ ನಿಂತುಕೊಂಡಿತು. ನಾನು ಮಂಡಿನೋವು ಮರೆತು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಅವಳನ್ನ ತಬ್ಬಿಕೊಂಡು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಐದನೇ ಕ್ಲಾಸಿಗೇ ಬಿಡಿಸಿ ಹಿಪ್ಪುನೇರಳೆ ಸೊಪ್ಪು ಕುಯ್ಯೋಕೆ ಹಾಕಿದರು. ಆದರೂ ಇದನ್ನ ಬರೆದಿಡಲೇಬೇಕು ಅನ್ನಿಸಿ ಕೂತಿದ್ದೀನಿ. ತಪ್ಪಿದ್ದರೆ ಓದೋರು ತಿದ್ದಿಕೊಳ್ಳಿ.

ಅವಳು ಹತ್ತನೇ ಕ್ಲಾಸು. ಫೋನಲ್ಲಿ ನೋಡಿಕೊಂಡು ಥರ್ಮಾಕೋಲ್ ಹಾಳೆ ಕುಯ್ದು, ಅಂಟಿಸಿ, ಮೋಟರು ರಿಮೋಟು ತರಿಸಿ, ನನ್ನ ಎರಡು ಕೈ ಚಾಚಿದಷ್ಟು ಅಗಲದ ವಿಮಾನ ಮಾಡಿದ್ದಳು. ಹೋಗುವಾಗ ನೆಟ್ಟಗೆ ಹೋಗುತ್ತಿತ್ತು. ತಿರುಗಿ ನಮ್ಮ ಕಡೆ ಬರುವಾಗ ಮಾತ್ರ ಒಂದು ಪಕ್ಕಕ್ಕೆ ವಾಲುತ್ತಿತ್ತು. ಇವಳು ಸರಿ ಮಾಡೋಕೆ ಹೋದಷ್ಟೂ ಇನ್ನೂ ವಾಲಿ, ಕೊನೆಗೆ ದಢಾರ್ ಅಂತ ಮೂಗು ಮುರಿದುಕೊಳ್ಳುತ್ತಿತ್ತು. ನನ್ನ ಮಗನಿಗೆ, ಅಂದರೆ ಅವಳಪ್ಪನಿಗೆ, ಸಾಕಾಗಿಹೋಗಿತ್ತು.

"ಇನ್ನೊಂದ್ ಸಲ ಬಿದ್ರೆ ಅಟ್ಟಕ್ಕೆ ಹಾಕ್ಬಿಡ್ತೀನಿ ಕಣೇ. ಪರೀಕ್ಷೆ ತಲೆ ಮೇಲಿದೆ, ಇವಳು ಗೋಂದು ಹಚ್ಕೊಂಡ್ ಕೂತವ್ಳೆ."

ಅವಳೂ ಸೋತಿದ್ದಳು. ನಿನ್ನೆ ಹೊರಡುವಾಗ, "ಇದೇ ಕೊನೆ ಅಜ್ಜಿ, ನೀನೂ ಬಾ," ಅಂದಳು. ಆ ಮುಖ ನೋಡಿ ಇಲ್ಲ ಅನ್ನೋಕೆ ಆಗಲಿಲ್ಲ.

ಊರಾಚೆ ಲೇಔಟ್ ಮಾಡಿ ಕಲ್ಲು ನೆಟ್ಟು ಬಿಟ್ಟಿದ್ದಾರೆ. ಮನೆ ಒಂದೂ ಎದ್ದಿಲ್ಲ, ಟಾರು ರೋಡು ಮಾತ್ರ ನುಣ್ಣಗಿದೆ. ಅಲ್ಲಿ ನಿಂತರೆ ಒಂದು ಪಕ್ಕ ಕೆರೆ ಕಟ್ಟೆ, ಇನ್ನೊಂದು ಪಕ್ಕ ಹುಣಸೆ ತೋಪು. ವಿಮಾನ ಎದ್ದಿತು, ಹೋಯಿತು, ತಿರುಗಿತು. ನಮ್ಮ ಕಡೆ ಬರುತ್ತಾ ಮಾಮೂಲಿನ ಹಾಗೇ ವಾಲಿತು. ಮಗ "ಲೆಫ್ಟು ಲೆಫ್ಟು" ಅಂತಾನೆ, ಸೊಸೆ "ಅಯ್ಯೋ ರೈಟು ರೀ" ಅಂತಾಳೆ. ಹುಡುಗಿ ರಿಮೋಟಿನ ಕಡ್ಡಿಯನ್ನ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸುತ್ತಿದ್ದಾಳೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು...

"ಕಟ್ಟೆ ಕಡೆ ವಾಲ್ತು! ಕಟ್ಟೆ ಕಡೆಗೇ ತಳ್ಳೇ ಕಡ್ಡಿನ!"

ಅವಳು ತಳ್ಳಿದಳು. ವಿಮಾನ ನೆಟ್ಟಗಾಯಿತು. ಆಮೇಲೆ "ತೋಪಿನ ಕಡೆ ವಾಲ್ತು, ತೋಪಿನ ಕಡೆ" ಅಂದೆ. ಅದಕ್ಕೂ ನೆಟ್ಟಗಾಯಿತು. ಹಾಗೇ ಇಳಿಯಿತು. ಆ ಮಾತು ನನ್ನೊಳಗೆ ಎಲ್ಲಿತ್ತು, ಯಾರು ಹೇಳಿಕೊಟ್ಟಿದ್ದು, ಅಂತ ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಸಂಜೆ. ಹುಡುಗಿ ಬಿಸಿಲಲ್ಲಿ ನಿಂತು ತಲೆ ಕಾದಿದೆ ಅಂತ ಸೌಟಲ್ಲಿ ಹರಳೆಣ್ಣೆ ಬಿಸಿ ಮಾಡುತ್ತಿದ್ದೆ. ಒಂದು ತೊಟ್ಟು ಬೆಂಕಿಗೆ ಬಿದ್ದು ಚುಯ್ ಅಂತ ಹೊಗೆ ಎದ್ದಿತು. ಆ ಸುಟ್ಟ ಹರಳೆಣ್ಣೆ ವಾಸನೆ... ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ಟೇಷನ್ ಮಾವ!

ಅವರ ಮನೆ ನಮ್ಮ ಮನೆಗೆ ಗೋಡೆ ಹತ್ತಿಕೊಂಡೇ ಇತ್ತು. ಶಿಡ್ಲಘಟ್ಟ, ಚಿಂತಾಮಣಿ ಕಡೆ ಆಗ ಓಡುತ್ತಿದ್ದ ಚಿಕ್ಕ ರೈಲಿನಲ್ಲಿ ಕೆಲಸ ಮಾಡಿ, ರಿಟೈರ್ ಆಗಿ ಊರಿಗೆ ಬಂದವರು. ಹೆಂಡತಿ ಇರಲಿಲ್ಲ. ಒಬ್ಬಳೇ ಮಗಳನ್ನ ಗೌರಿಬಿದನೂರಿಗೆ ಕೊಟ್ಟಿದ್ದರು. ರಿಟೈರ್ ಆದವರು ಹಸು ಕಟ್ಟುತ್ತಾರೆ, ಜಮೀನು ನೋಡುತ್ತಾರೆ. ಇವರು ಬೆಂಗಳೂರಿಂದ ಮುಷ್ಟಿಯಷ್ಟು ದೊಡ್ಡ ಒಂದು ಎಂಜಿನ್ನು, ಉದ್ದ ಏರಿಯಲ್ ಇರೋ ಒಂದು ಪೆಟ್ಟಿಗೆ ತಂದರು. ಪೆಟ್ಟಿಗೆ ಮೇಲೆ ಎರಡು ಕಡ್ಡಿ. ಅದನ್ನ ಆಡಿಸಿದರೆ ಮೇಲಿರೋ ವಿಮಾನ ಮಾತು ಕೇಳುತ್ತೆ ಅಂದರು. ಊರಲ್ಲಿ ಯಾರೂ ನಂಬಲಿಲ್ಲ. ಎಂಜಿನ್ನಿಗೆ ಸ್ಪಿರಿಟ್ಟು, ಅದರ ಜೊತೆಗೆ ಹರಳೆಣ್ಣೆ ಬೆರೆಸಿ ಹಾಕುತ್ತಿದ್ದರು. ಅದು ಉರಿದಾಗ ಬರುತ್ತಿದ್ದ ವಾಸನೆಯೇ ನಿನ್ನೆ ನನ್ನ ಸೌಟಿಂದ ಬಂದಿದ್ದು.

ವಿಮಾನ ಅವರೇ ಕಟ್ಟಿದರು, ಅದೂ ನಮ್ಮ ಚಂದ್ರಂಕಿ ಬಿದಿರಿಂದ. ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಲಿ ಅಂತ ಬಿಡೋ ಬಿದಿರಿನ ತಟ್ಟಿಗೆ ಚಂದ್ರಂಕಿ ಅಂತೀವಿ. ನಮ್ಮ ಹಿತ್ತಲಲ್ಲಿ ಮುರಿದು ಬಿದ್ದಿದ್ದನ್ನ ಕೇಳಿ ತಗೊಂಡು ಹೋಗಿ, ಸೀಳಿ, ದೀಪದ ಶಾಖಕ್ಕೆ ಬಗ್ಗಿಸಿ, ರೆಕ್ಕೆಗೆ ಎಲುಬು ಮಾಡಿದರು. ಮೇಲೆ ಹೊದಿಸೋಕೆ ಶಿಡ್ಲಘಟ್ಟದಿಂದ ತೆಳು ರೇಷ್ಮೆ ಬಟ್ಟೆ ತಂದರು. ಬಟ್ಟೆ ಬಿಗಿಯಾಗಿ ನಿಲ್ಲೋಕೆ ಅದೇನೋ ವಾರ್ನಿಷ್ ಹಚ್ಚಬೇಕಂತೆ, ಅದು ಸಿಕ್ಕಿರಲಿಲ್ಲ. ನಮ್ಮತ್ತೆ ಸುಮ್ಮನಿರೋ ಜನ ಅಲ್ಲ.

"ಏನಣ್ಣಾ, ಇಷ್ಟಕ್ಕೆ ತಲೆ ಮೇಲೆ ಕೈ ಹೊತ್ಕೊಂಡಿದ್ದೀಯ? ಗಂಜಿ ಹಾಕು. ಸೀರೆ ಸೆಟೆದು ನಿಲ್ಲತ್ತೆ, ನಿನ್ ರೆಕ್ಕೆ ನಿಲ್ಲಲ್ವಾ?"

ಮಾವ ಅದನ್ನೂ ಮಾಡಿದರು! ನಮ್ಮನೆ ಅಕ್ಕಿ ಗಂಜಿಯನ್ನೇ ಬಸಿದು ಕೊಟ್ಟೆ. ಒಣಗಿದ ಮೇಲೆ ರೆಕ್ಕೆ ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಬರುತ್ತಿತ್ತು. ಮಾರನೇ ದಿನ ಬೆಳಗ್ಗೆ ಗಾಳಿ ಇಲ್ಲ ಅಂತ ಬೇಗನೆ ಕೆರೆ ಅಂಗಳಕ್ಕೆ ಹೋದರು. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿದಿತ್ತು. ಹಾರುತ್ತಾ ಹಾರುತ್ತಾ ಗಂಜಿ ನೆನೆದು, ಬಟ್ಟೆ ಸಡಿಲ ಬಿದ್ದು, ವಿಮಾನ ಒಣಹಾಕಿದ ಪಂಚೆ ಥರ ಪಟಪಟ ಅಂದುಕೊಂಡು ಕೆಳಗೆ ಬಂತು. ಮಾವ ಬೈಯ್ಯಲಿಲ್ಲ. ಆ ಒದ್ದೆ ರೆಕ್ಕೆ ಹಿಡಕೊಂಡು ನಮ್ಮ ಬಾಗಿಲಿಗೇ ಬಂದು, "ತಂಗ್ಯಮ್ಮ, ಇಸ್ತ್ರಿನೂ ಮಾಡ್ಕೊಡ್ತೀಯಾ?" ಅಂದರು. ನಮ್ಮತ್ತೆ ನಕ್ಕಿದ್ದು ನಾನು ನೋಡಿದ್ದೇ ಕಡಿಮೆ. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಳು ಸಾಕೋ ಮನೆಯ ಕಷ್ಟ ಸಾಕಿದವರಿಗೇ ಗೊತ್ತು. ಹುಳುವಿಗೆ ವಾಸನೆ ಆಗಲ್ಲ. ಬೀಡಿ ಹೊಗೆ, ಸೀಮೆಣ್ಣೆ, ಒಗ್ಗರಣೆ ಘಾಟು, ಯಾವುದೂ ಆಗಲ್ಲ. ಅವು ಚರ್ಮ ಬಿಡೋಕೆ ಮುಂಚೆ ಮೇವು ನಿಲ್ಲಿಸಿ ಮಲಗುತ್ತವೆ, ಅದನ್ನ ಜ್ವರ ಅಂತೀವಿ. ನಾಲ್ಕು ಜ್ವರ ದಾಟಬೇಕು. ಮೂರನೆಯದು ಮುಗಿದ ಮೇಲಂತೂ ಮನೆಯವರೆಲ್ಲ ಉಸಿರು ಬಿಗಿ ಹಿಡಿದೇ ಇರುತ್ತೀವಿ. ಮಾವನಿಗೆ ಇದು ಗೊತ್ತಿತ್ತು. ಅದಕ್ಕೇ ಎಂಜಿನ್ ಹಚ್ಚೋ ಮುಂಚೆ ನಮ್ಮ ಹೊಸ್ತಿಲಿಂದ ಆಚೆ ನಿಂತು ಕೇಳುತ್ತಿದ್ದರು, "ಹುಳು ಎಷ್ಟನೇ ಜ್ವರ ಕಣಮ್ಮ?"

ಒಂದೋ ಎರಡೋ ಅಂದರೆ ಹೋಗುತ್ತಿದ್ದರು. ಮೂರು ಮುಗೀತು ಅಂದರೆ, "ಹಾಗಾದ್ರೆ ಇವತ್ತು ಬೇಡ," ಅಂದು ವಿಮಾನ ಗೋಡೆಗೆ ಒರಗಿಸಿ ಕೂತುಬಿಡುತ್ತಿದ್ದರು. ಅವರನ್ನ ಬೇಡ ಅಂತ ಯಾರೂ ತಡೆದಿರಲಿಲ್ಲ. ಕೆರೆ ಅಂಗಳ ದೂರವೇ ಇತ್ತು. ಆದರೂ ಕೇಳದೆ ಒಂದು ದಿನವೂ ಹಚ್ಚಲಿಲ್ಲ.

ಆಮೇಲೆ ಅವರ ಕಣ್ಣು ಮಂಜಾಗುತ್ತಾ ಬಂತು. ಪೊರೆ ಅಲ್ಲ, ನರ, ಏನೂ ಮಾಡೋಕಾಗಲ್ಲ ಅಂದರಂತೆ ಡಾಕ್ಟರು. ಮನೆ ಬಾಗಿಲು ಕಾಣುತ್ತಿತ್ತು, ಮನುಷ್ಯರು ಕಾಣುತ್ತಿದ್ದರು, ಆಕಾಶದಲ್ಲಿರೋ ವಿಮಾನ ಮಾತ್ರ ಒಂದು ಕಪ್ಪು ಚುಕ್ಕಿ. ಅದರ ಮುಖ ಆ ಕಡೆಯೋ ಈ ಕಡೆಯೋ ಗೊತ್ತಾಗುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕರಕೊಂಡು ಹೋಗ್ತೀನಿ ಅಂತ ಮಗಳು ಹೇಳಿ ಕಳಿಸಿದ್ದಳು. ಮಾವನಿಗೆ ಒಂದೇ ಆಸೆ ಉಳಿದಿತ್ತು. ಹೊಸ ರೇಷ್ಮೆ ಹೊದಿಸಿ, ಈ ಸಲ ಸರಿಯಾದ ವಾರ್ನಿಷ್ ಹಚ್ಚಿದ್ದ ವಿಮಾನವನ್ನ ಒಂದು ಸಲ ಹಾರಿಸಿ, ಬೀಳಿಸದೆ ಚಕ್ರದ ಮೇಲೆ ಇಳಿಸಬೇಕು, ಆಮೇಲೆ ಊರು ಬಿಡಬೇಕು.

"ನೀನು ನನ್ನ ಕಣ್ಣಾಗ್ತೀಯೇನಮ್ಮ?" ಅಂದರು.

ನನಗೆ ಆಗ ಮಗ ಹುಟ್ಟಿ ಐದಾರು ತಿಂಗಳು. ಹೊತ್ತು ಹುಟ್ಟೋಕೆ ಮುಂಚೆ ಸೊಪ್ಪು ಕುಯ್ದು, ಹುಳುವಿಗೆ ಹಾಕಿ, ಕಸ ತೆಗೆದು, ಮತ್ತೆ ಸೊಪ್ಪಿಗೆ ಓಡಬೇಕು. ನಿಂತಲ್ಲೇ ನಿದ್ದೆ ಬರುತ್ತಿತ್ತು. ಆದರೂ ಹೂಂ ಅಂದೆ. ತೋಪಿನಲ್ಲಿ ಸೀರೆಯ ಜೋಲಿ ಕಟ್ಟಿ ಮಗೂನ ಮಲಗಿಸಿ ಅವರ ಪಕ್ಕ ನಿಲ್ಲುತ್ತಿದ್ದೆ. ಎಡ ಬಲ ಅಂದರೆ ನನಗೆ ಗಲಿಬಿಲಿ ಆಗುತ್ತಿತ್ತು. ಮಾವ ಹೇಳಿದರು, ಎದುರಿಗೆ ಸೊಪ್ಪಿನ ಹೊರೆ ಹೊತ್ತು ಬರೋಳ ಎಡಗೈ ನಿನ್ನ ಬಲಕ್ಕಿರುತ್ತಲ್ಲಮ್ಮ, ಹಾಗೇ ಇದೂ, ತಿರುಗಿ ಬರುವಾಗ ಎಲ್ಲ ಅದಲು ಬದಲು. ಎಡ ಬಲ ಬಿಟ್ಟುಬಿಡು. ಕಟ್ಟೆ ಕಡೆ ವಾಲ್ತಾ, ತೋಪಿನ ಕಡೆ ವಾಲ್ತಾ, ಅಷ್ಟು ಹೇಳು. ಅವಳ ಹೊರೆ ವಾಲಿದ್ರೆ ವಾಲಿದ ಕಡೆಯಿಂದಲೇ ಅಲ್ವಾ ನಾವು ಕೈ ಕೊಡೋದು? ನಾನೂ ಕಡ್ಡೀನ ಆ ಕಡೆಗೇ ತಳ್ತೀನಿ.

ಕೊನೆಗೆ ಒಂದು ದಿನ ಗಾಳಿ ಬಿದ್ದಿತ್ತು, ಹುಳು ಎರಡನೇ ಜ್ವರದಲ್ಲಿದ್ದವು. ಹಚ್ಚಿದರು. ಬಿಳಿ ರೇಷ್ಮೆ ರೆಕ್ಕೆಯಲ್ಲಿ ಬಿಸಿಲು ತೂರಿ ಒಳಗಿನ ಬಿದಿರೆಲ್ಲ ಕಾಣುತ್ತಿತ್ತು. ಎಷ್ಟು ಚೆನ್ನಾಗಿತ್ತು ಅಂತೀರ! ನಾನು ಹೇಳುತ್ತಾ ಹೋದೆ, ಅವರು ಆಡಿಸುತ್ತಾ ಹೋದರು. ತಿರುಗಿಸಿಕೊಂಡು ಬರುತ್ತಿದ್ದಾಗ ಎಂಜಿನ್ನು ಟಕ್ ಅಂತ ನಿಂತುಹೋಯಿತು. ಅಲ್ಲೀತನಕ ಸದ್ದಾದರೂ ಕೇಳುತ್ತಿತ್ತು ಅವರಿಗೆ. ಈಗ ಅದೂ ಇಲ್ಲ.

"ಹೇಳಮ್ಮ, ಹೇಳು..."

"ಕಟ್ಟೆ ಕಡೆ ಮಾವ... ಕಟ್ಟೆ ಕಡೆ... ಈಗ ಸರಿ... ಕೆಳಕ್ಕೆ ಬರ್ತಾ ಇದೆ."

ಅಂಗಳದ ತನಕ ಬರಲಿಲ್ಲ. ಸ್ವಲ್ಪ ಆಚೆಗೇ, ಎದೆಮಟ್ಟ ಬೆಳೆದಿದ್ದ ಹಿಪ್ಪುನೇರಳೆ ತೋಟದ ಮೇಲೆ ಮೆಲ್ಲಗೆ ಕೂತಿತು. ಒಂದು ಬಿದಿರ ಕಡ್ಡಿಯೂ ಮುರಿಯಲಿಲ್ಲ, ರೇಷ್ಮೆ ಹರಿಯಲಿಲ್ಲ.

"ಚಕ್ರದ ಮೇಲೆ ಇಳೀತಾ?" ಅಂದರು. ನನ್ನ ಕಡೆ ಕಿವಿ ಕೊಟ್ಟು ನಿಂತಿದ್ದರು.

"ಇಲ್ಲ ಮಾವ. ಸೊಪ್ಪಿನ ಮೇಲೆ."

ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಆಮೇಲೆ, "ರೇಷ್ಮೆ ಅಲ್ವಾ, ಸೊಪ್ಪು ನೋಡಿ ಹಸಿವಾಗಿರ್ಬೇಕು," ಅಂದು ನಕ್ಕರು. ನಕ್ಕಿದ್ದು ನನ್ನ ಸಮಾಧಾನಕ್ಕೆ ಅಂತ ಆಗಲೂ ಗೊತ್ತಿತ್ತು. ಏರಿಯಲ್ಲನ್ನ ಒಂದೊಂದೇ ತುಂಡು ಒಳಕ್ಕೆ ತಳ್ಳಿ ಮಡಚಿದರು. ಇನ್ನೊಂದು ಸಲ ನೋಡೋಣ ಮಾವ ಅಂದೆ. ಅಷ್ಟರಲ್ಲಿ ಹುಳು ಮೂರನೇ ಜ್ವರ ದಾಟಿದವು, ಮಗಳು ಬಂದಳು...

ಒಂದು ಸಲ ನೋಡೋಕೆ ಹೋಗಿದ್ದೆ, ಪೆರೇಸಂದ್ರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ. ಜಗಲಿ ಮೇಲೆ ಕೂತಿದ್ದರು. ಆಗ ಏನೂ ಕಾಣುತ್ತಿರಲಿಲ್ಲ. ನಾನು ಮಾವ ಅಂದ ತಕ್ಷಣ ದನಿ ಗುರುತು ಹಿಡಿದು ಕೇಳಿದರು, "ಹುಳು ಎಷ್ಟನೇ ಜ್ವರ?"

"ಮೂರು ಮುಗೀತು ಮಾವ."

"ಹಾಗಾದ್ರೆ ಇವತ್ತು ಬೇಡ."

ಬಸ್ಸಲ್ಲಿ ಬರುತ್ತಾ ದಾರಿಯುದ್ದಕ್ಕೂ ಸೆರಗು ಬಾಯಿಗೆ ಹಿಡಕೊಂಡೇ ಬಂದೆ. ಅವರು ಹೋದ ಸುದ್ದಿ ಬಂದಾಗ ನಮ್ಮ ಮನೆ ತುಂಬ ಹಣ್ಣು ಹುಳು. ಒಂದೊಂದನ್ನೂ ಆರಿಸಿ ಚಂದ್ರಂಕಿಗೆ ಬಿಡಬೇಕು, ಆ ಹೊತ್ತಲ್ಲಿ ಮನೆಯಿಂದ ಒಬ್ಬರೂ ಕದಲೋ ಹಾಗಿಲ್ಲ, ಸಾವಿಗೂ. ಹುಳು ಆರಿಸುತ್ತಾ ಇದ್ದೆ. ಕಣ್ಣಲ್ಲಿ ನೀರು, ಒರೆಸಿಕೊಳ್ಳೋಕೆ ಕೈ ಬಿಡುವಿಲ್ಲ. ನಮ್ಮ ಬದುಕೆಲ್ಲ ಹಾಗೇ ಹೋಯಿತು, ಅಳೋಕೂ ಜ್ವರ ಲೆಕ್ಕ ನೋಡಿಕೊಂಡು... ಈಗ ಹುಳು ಸಾಕೋದು ಬಿಟ್ಟಿದ್ದೀವಿ. ಮೈಯಲ್ಲಿ ಶಕ್ತಿ ಇಲ್ಲ. ಮಾವನ ಕೆರೆ ಅಂಗಳದಲ್ಲಿ ನೀರು ನಿಂತಿದೆ. ಅವರ ವಿಮಾನ ಕೂತಿದ್ದ ಆ ಹಿಪ್ಪುನೇರಳೆ ತೋಟವೇ ಈಗಿನ ಲೇಔಟು. ನಿನ್ನೆ ಹುಡುಗಿ ವಿಮಾನ ಇಳಿದ ಟಾರು ರೋಡು ಅದರ ಮೇಲೇ ಹಾದುಹೋಗಿದೆ.

ಇದೆಲ್ಲ ಸೌಟು ಹಿಡಕೊಂಡು ನಿಂತಾಗ ಒಂದೇ ಸಲಕ್ಕೆ ಬಂತು. ಮೊಮ್ಮಗಳು ಬಂದು, "ಅಜ್ಜೀ, ಎಣ್ಣೆ ಸೀದು ಹೋಗ್ತಿದೆ, ತಲೆಗೆ ಹಚ್ತೀಯೋ ಬೋಂಡ ಕರೀತೀಯೋ?" ಅಂದಳು. ಅವಳನ್ನ ಮುಂದೆ ಕೂರಿಸಿಕೊಂಡು ತಟ್ಟಿ ತಟ್ಟಿ ಹಚ್ಚಿದೆ. ಸಂತೋಷಕ್ಕೂ ಮೈ ಸೋಲುತ್ತೆ ಅನ್ನೋದು ನಿನ್ನೆ ಗೊತ್ತಾಯಿತು.

ಅಟ್ಟಕ್ಕೆ ಹಾಕ್ತೀನಿ ಅಂದಿದ್ದ ಮಗನೇ ಹೋಗಿ ನಾಟಿಕೋಳಿ ತಂದಿದ್ದ. ಸೊಸೆ ಮುದ್ದೆ ತೊಳಸಿ ಕಟ್ಟಿದಳು. ನಮ್ಮ ಯಜಮಾನರು, ಮಗ, ಸೊಸೆ, ಮೊಮ್ಮಗಳು, ನಾನು, ಎಲ್ಲರೂ ಒಟ್ಟಿಗೇ ನೆಲದ ಮೇಲೆ ಕೂತೆವು. ವಿಮಾನ ಅವಳ ಬೆನ್ನ ಹಿಂದೆ ಗೋಡೆಗೆ ಒರಗಿಕೊಂಡಿತ್ತು.

"ಅಲ್ಲಮ್ಮ, ಕಟ್ಟೆ ಕಡೆ ತೋಪಿನ ಕಡೆ ಅಂತ ಕೂಗಿದ್ಯಲ್ಲ, ಅದನ್ನ ಯಾರ್ ಹೇಳ್ಕೊಟ್ರು ನಿನಗೆ?" ಅಂದ ಮಗ.

"ಟೇಷನ್ ಮಾವ ಅಂತ ಇದ್ರು. ನೀನೂ ಇದ್ದೆ ಕಣೋ ಅವತ್ತು, ತೋಪಲ್ಲಿ, ಜೋಲಿಯಲ್ಲಿ," ಅಂದು ಎಲ್ಲ ಹೇಳಿದೆ. ಗಂಜಿ ಹಾಕಿದ್ದಕ್ಕೆ ಎಲ್ಲರೂ ನಕ್ಕರು. ಸೊಪ್ಪಿನ ಮೇಲೆ ಕೂತಿದ್ದಕ್ಕೆ ಯಾರೂ ನಗಲಿಲ್ಲ.

ಮೊಮ್ಮಗಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ಅವರು ಇವತ್ತು ಇದ್ದಿದ್ರೆ ಏನ್ ಕೇಳ್ತಿದ್ರು ಅಜ್ಜಿ?"

"ಚಕ್ರದ ಮೇಲೆ ಇಳೀತಾ ಅಂತ."

"ಮತ್ತೆ ಹೂಂ ಅನ್ನು ಅವರಿಗೆ," ಅಂದಳು.

ಯಾರಿಗೆ ಅನ್ನಲಿ... ಪಕ್ಕದ ಮನೆಯೇ ಬಿದ್ದು ಹೋಗಿದೆ, ಗೋಡೆ ಮಾತ್ರ ನಿಂತಿದೆ. ಆದರೂ ಆ ಗೋಡೆ ಕಡೆ ತಿರುಗಿ "ಹೂಂ ಮಾವ" ಅಂದೆ. ಸೊಸೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಮುದ್ದೆ ಆರುತ್ತೆ ತಿನ್ನಮ್ಮ ಅಂದ ಮಗ. ತಿಂದೆ. ಎಲ್ಲರೂ ತಿಂದೆವು.