ಶಾಂತಾ ವೈನಿಯ ಗೆರೆಗಳು

ಕಳೆದ ಭಾನುವಾರ ಲಂಡನ್ನಿನ ಈಸ್ಟ್ ಹ್ಯಾಮಿನ ಒಂದು ಫ್ಲ್ಯಾಟಿನಲ್ಲಿ ನಾನು ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾಯುತ್ತ ಕುಳಿತಿದ್ದೆ. ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ಫ್ಲ್ಯಾಟು ಬಸವರಾಜಣ್ಣನವರದು. ವಿಜಯಪುರದ ಕಡೆಯವರು. ಅವರ ಹೆಂಡತಿ ಶಾಂತಾ ವೈನಿ (ಆ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ) ತೀರಿಕೊಂಡು ಈ ತಿಂಗಳಿಗೆ ವರ್ಷ. ಬಾಗಿಲ ಮುಂದೆ ರಂಗೋಲಿ ಹಾಕಬಾರದೆಂದು ಬಿಲ್ಡಿಂಗಿನವರು ನೋಟಿಸ್ ಅಂಟಿಸಿದ ಮೇಲೆ (ಕಾಲು ಜಾರುತ್ತದಂತೆ) ವೈನಿ ಟ್ಯಾಬ್ಲೆಟ್ ಮೇಲೆ ರಂಗೋಲಿ ಬಿಡಿಸತೊಡಗಿದ್ದರು. ಕೊನೆಯ ಎರಡು ವರ್ಷ ಕೈ ವಿಪರೀತ ನಡುಗುತ್ತಿತ್ತು. ಆದರೂ ದಿನಕ್ಕೊಂದು ತಪ್ಪಲಿಲ್ಲ.

“ವರ್ಷದ ಪೂಜಾಕ್ಕ ಮಂದಿ ಬರ್ತಾರ. ಅಕಿ ರಂಗೋಲಿ ಎಲ್ಲಾರ ಫೋನಿನ್ಯಾಗೂ ಕಾಣೂಹಂಗ ಮಾಡಿಕೊಡವಾ ತಂಗಿ” ಎಂದು ಅಣ್ಣ ಪೆನ್‌ಡ್ರೈವ್ ಕೊಟ್ಟಿದ್ದರು. ಟ್ಯಾಬ್ಲೆಟ್ಟನ್ನು ಆಗಲೇ ಅಳಿಸಿ ಯಾರಿಗೋ ಕೊಟ್ಟಾಗಿತ್ತು.

ವೆಬ್‌ಸೈಟ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಪೆನ್‌ಡ್ರೈವಿನಲ್ಲಿದ್ದವು ಫೋಟೊಗಳಲ್ಲ, ವೆಕ್ಟರ್ ಫೈಲುಗಳು. ಒಳಗೆ ಚಿತ್ರವೇ ಇರುವುದಿಲ್ಲ. ಕೈ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಅಂಕಿಗಳಷ್ಟೇ. ಬ್ರೌಸರ್ ಅವನ್ನು ಓದಿ, ಪರದೆಯ ಮೇಲೆ ಅದೇ ಗೆರೆಯನ್ನು ಮತ್ತೆ ಎಳೆಯುತ್ತದೆ.

ಆದರೆ ವೈನಿಯ ಫೈಲುಗಳು ಭಾರವೋ ಭಾರ. ಒಂದು ಪುಟ್ಟ ಎಸಳಿಗೆ ಸಾವಿರಾರು ಬಿಂದುಗಳು. ಲೋಡ್ ಆಗಲು ನನ್ನ ಫೋನು ಒದ್ದಾಡಿತು. ಇಷ್ಟು ಕಸ ಯಾಕಪ್ಪಾ ಎಂದುಕೊಂಡೆ. ಕ್ರೋಯ್ಡನ್ನಿನಿಂದ ಟ್ರೇನ್ ಹತ್ತಿದವಳು ಇಳಿಯುವುದರೊಳಗೆ ಬೇಡದ ಬಿಂದುಗಳನ್ನೆಲ್ಲ ತೆಗೆದು, ಗೆರೆಗಳನ್ನು ನಯಮಾಡಿ, ಪೆನ್‌ಡ್ರೈವಿನ ಅದೇ ಫೈಲುಗಳ ಮೇಲೆ ಸೇವ್ ಮಾಡಿದೆ. (ಬ್ಯಾಕಪ್ ಇಡಿ ಎಂದು ಆಫೀಸಿನಲ್ಲಿ ಎಲ್ಲರ ಪ್ರಾಣ ತಿನ್ನುವವಳು ನಾನೇ.)

ಅಣ್ಣ ಫೋನು ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿನಿಂದ ದೊಡ್ಡದು ಮಾಡಿ ಮತ್ತೆ ನೋಡಿದರು.

“ಚೆಂದ ಐತಿ. ಆದ್ರ ಇದು ನಿಮ್ಮ ವೈನಿದಲ್ಲ.”

“ಅವರದ್ದೇ ಅಣ್ಣಾ.”

“ಅಕಿ ಕೈ ನಡಗತಿತ್ತಲ್ಲವಾ. ಅದೆಲ್ಲಿ ಹೋತು?”

ಆಗ ಹೊಳೆಯಿತು. ಆ ಸಾವಿರಾರು ಬಿಂದುಗಳು ಕಸವಾಗಿರಲಿಲ್ಲ. ಒಂದೊಂದು ನಡುಕಕ್ಕೂ ಒಂದೊಂದು ಬಿಂದು. ನೋವು ತಿನ್ನುತ್ತ, ಹಲ್ಲು ಕಚ್ಚಿಕೊಂಡು ವೈನಿ ಎಳೆದ ಗೆರೆಯನ್ನು ನಾನು ಟ್ರೇನಿನಲ್ಲಿ ಕುಳಿತು ನೆಟ್ಟಗೆ ಮಾಡಿದ್ದೆ.

“ಮದಲಿನಂಗ ಮಾಡಾಕ ಬರ್ತೈತೇನು?” ಎಂದು ಕೇಳಿದರು.

ಬರುವುದಿಲ್ಲ ಎಂದೆ. ಅವರು ಬೈಯಲಿಲ್ಲ. “ಇರ್ಲಿ ಬಿಡವಾ, ಚಹಾ ಕುಡಿ” ಎಂದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಡುಗೆಮನೆಯಲ್ಲಿ ನಲ್ಲಿಯ ನೀರು ಸುಮ್ಮನೆ ಸುರಿಯುತ್ತಲೇ ಇತ್ತು. ನಾನು ಇಲ್ಲಿ ಸೋಫಾದ ಮೇಲೆ ಅತ್ತೆ.

ರಂಗೋಲಿಗಳೆಲ್ಲ ಈಗ ಒಂದೇ ಸೆಕೆಂಡಿನಲ್ಲಿ ಲೋಡ್ ಆಗುತ್ತವೆ. ಅಷ್ಟು ಅವಸರ ಯಾರಿಗಿತ್ತು?