ಗಾದಿ ಚಾಚಿ ಹರಿಹರಕ್ಕೆ ಹೋಗಿ ಬಂದದ್ದು

ಕಳೆದ ವಾರ ನೆಗಡಿಯಾಗಿತ್ತೆಂದು ಮೊಮ್ಮಗಳು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹನಿಸಿ ಕೊಟ್ಟಳು. ಮೂಗಿಗೆ ಹಿಡಿದವಳೇ ದೂರ ಸರಿಸಿದೆ. ಇಷ್ಟು ವರ್ಷವಾದರೂ ಆ ವಾಸನೆಗೆ ನಾನಿನ್ನೂ ಹೆದರುತ್ತೇನೆ…

ಐವತ್ತೇಳರಲ್ಲಿ ಫ್ಲೂ ಜ್ವರ ದಾವಣಗೆರೆಗೆ ಬಂದಾಗ ನಾನು ಮದುವೆಯಾಗಿ ವರ್ಷ ತುಂಬದ ಸೊಸೆ. ಗಿರಣಿಗೆ ಹೋಗುವವರು ಇದೇ ಎಣ್ಣೆಯ ಬಟ್ಟೆ ಮೂಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಕೂತರೆ ಭಯ ಹೆಚ್ಚುತ್ತದೆ ಎನ್ನುತ್ತಿದ್ದರು. ನನ್ನ ತವರು ಹರಿಹರದಲ್ಲಿ ಬೇರೆ ಥರ. ಅಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ರೈಲು ಇಳಿದು ಬಂದವರನ್ನು ಓಣಿಯೊಳಗೆ ಬಿಡುತ್ತಿರಲಿಲ್ಲವಂತೆ. ನನ್ನ ಅತ್ತೆ ಉಕ್ಕಡಗಾತ್ರಿಯ ಗದ್ದುಗೆಗೆ ಹರಕೆ ಹೊತ್ತು ಧೈರ್ಯ ತಂದುಕೊಂಡರು. ನನಗೆ ಮಾತ್ರ ಯಾವುದೂ ಸಾಲಲಿಲ್ಲ. ಯಾರು ಕೆಮ್ಮಿದರೂ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

ಪಕ್ಕದ ಮನೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ವಿಧವೆಯೊಬ್ಬರಿದ್ದರು. ಓಣಿಗೆಲ್ಲ ಗಾದಿ ಚಾಚಿ. ಜ್ವರದ ಸುದ್ದಿ ಬಂದಾಗಿನಿಂದ ಅವರ ಹಿಂಜುವ ಬಿಲ್ಲಿನ ಸದ್ದು ದಿನವಿಡೀ ಕೇಳುತ್ತಿತ್ತು. "ಕೈ ಸುಮ್ನಾದ್ರೆ ಮನಸು ಎಲ್ಲೆಲ್ಲೋ ಹೋಗತೈತೆ, ಬೇಟಿ" ಎಂದಿದ್ದರು.

ಗಂಡ, ಅತ್ತೆ ಇಬ್ಬರೂ ಜ್ವರದಲ್ಲಿ ಮಲಗಿದ್ದಾಗ ಹರಿಹರದಿಂದ ಸುದ್ದಿ ಬಂತು. ಅವ್ವನಿಗೂ ಜ್ವರ, ನೋಡುವವರಿಲ್ಲ. ಅಪ್ಪ ತೀರಿಹೋಗಿದ್ದ, ನಾನೊಬ್ಬಳೇ ಮಗಳು. ಹಿತ್ತಿಲಲ್ಲಿ ಅಳುತ್ತ ಕೂತದ್ದು ಗೋಡೆಯಾಚೆ ಚಾಚಿಗೆ ಕೇಳಿಸಿತು.

"ನೀ ಇವ್ರನ್ನ ನೋಡ್ಕ. ನಾ ಹೋಗಿ ಬರ್ತೀನಿ."

"ಬ್ಯಾಡ ಚಾಚಿ, ನಿಮಗೂ ಅಂಟಿದ್ರೆ?"

"ಹೆದ್ರಿಕಿ ನಂಗೂ ಐತೆ. ಆದ್ರ ನಿಮ್ಮವ್ವ ಒಬ್ಬಾಕಿ ಅದಾಳ."

ಚೀಲದ ಬಾಯಿ ಕಟ್ಟಿಕೊಂಡು ಹರಿಹರದ ರೈಲು ಹತ್ತಿದರು.

ಅಲ್ಲಿ ಓಣಿಯವರು ತಡೆದರಂತೆ. ಚಾಚಿ ತಿರುಗಿ ಹೊಳೆಗೆ ಹೋಗಿ, ಮುಳುಗೆದ್ದು, ಒದ್ದೆ ಸೀರೆಯಲ್ಲೇ ಬಂದು ನಿಂತರಂತೆ. ಆಗ ಬಿಟ್ಟರು. ನಾಲ್ಕು ದಿನ ಅವ್ವನಿಗೆ ಗಂಜಿ ಕುಡಿಸಿ ಚಾಚಿ ವಾಪಸು ಬರುವಷ್ಟರಲ್ಲಿ ನಮ್ಮ ಮನೆಯವರ ಜ್ವರವೂ ಇಳಿದಿತ್ತು.

"ನಿಮ್ಮವ್ವ ಎದ್ದು ಕುಂತಾಳ. ಗಂಜಿಗೆ ಉಪ್ಪಿಲ್ಲ ಅಂತ ನನ್ನೇ ಬೈದ್ಲು" ಎಂದು ನಕ್ಕರು. ನಗುತ್ತಲೇ ಕೆಮ್ಮಿದರು.

ಮರುದಿನ ಬಿಲ್ಲಿನ ಸದ್ದಿಲ್ಲ. ಗಂಜಿ ಮಾಡಿ ಒಯ್ದೆ. ಹೊಸ್ತಿಲ ಹತ್ತಿರ ಕಾಲು ನಿಂತುಬಿಟ್ಟಿತು. ಒಳಗೆ ಮಬ್ಬುಗತ್ತಲು, ಅವರು ಉಸಿರೆಳೆಯುವ ಸದ್ದು… ಚಾಚಿ ತಲೆ ಎತ್ತಿ ನನ್ನ ಮುಖ ನೋಡಿದರು.

"ಅಲ್ಲೇ ಇಡು ಬೇಟಿ. ಒಳಗ ಬರಬ್ಯಾಡ."

ನನಗೆ ಅಷ್ಟೇ ಬೇಕಾಗಿತ್ತು. ಪಾತ್ರೆ ಇಟ್ಟು ಓಡಿಬಂದೆ. ಮರುದಿನವೂ ಹಾಗೇ ಮಾಡಿದೆ. ಮೂರನೆಯ ದಿನ ಹೋದಾಗ ಹಿಂದಿನ ದಿನದ ಗಂಜಿ ಇಟ್ಟಲ್ಲೇ ಇತ್ತು. ಒಳಗಿಂದ ಉಸಿರಿನ ಸದ್ದು ಕೇಳಲಿಲ್ಲ…

ಅವ್ವ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದಳು. ನಮ್ಮ ಮನೆಗೆ ಬಂದಾಗಲೆಲ್ಲ, ಚಾಚಿಯ ಕೊನೆಗಾಲದಲ್ಲಿ ಹತ್ತಿರ ಯಾರಿದ್ದರು ಎಂದು ಕೇಳುತ್ತಿದ್ದಳು. "ನಾನಿದ್ದೆ" ಎನ್ನುತ್ತಿದ್ದೆ. ಅವಳಿಗೆ ಸಮಾಧಾನವಾಗುತ್ತಿತ್ತು.

ಈಗ ಅವ್ವನೂ ಇಲ್ಲ. ನನಗೆ ಎಂಬತ್ತೈದು ದಾಟಿದೆ. ಯಾರಿಗೂ ಹೇಳದ್ದನ್ನು ಇವತ್ತು ಬರೆದಿಡುತ್ತಿದ್ದೇನೆ. ನಾನು ಒಳಗೆ ಹೋಗಲಿಲ್ಲ.